ಹೆಸರು ಹೇಳದೆ ತಂದ ಕಾರಿನ ದೀಪ

ಗೆಳೆಯರೆ, ಇವತ್ತು ನನ್ನ ಮಾನ ಉಳಿಯಿತು. ಹಿಡಕಲ್ ಆಣೆಕಟ್ಟಿನ ಕಚೇರಿಯ ನಮ್ಮ ಇಂಜಿನಿಯರ್ ಸಾಹೇಬರ ಕಾರಿನ ದೀಪ ಎತ್ತಿನ ಕೋಡು ತಾಗಿ ಒಡೆದಿತ್ತು. ಹೊಸದನ್ನು ತರಲು ನನ್ನನ್ನೇ ಗೋಕಾಕಕ್ಕೆ ಕಳಿಸಿದರು. ಕಾದಂಬರಿ ಓದುವವನಿಗೆ ಪರದೇಶದ ಹೆಸರು ಹೇಳಲು ಬರುತ್ತದೆಂದು ಅವರ ನಂಬಿಕೆ. ನಾನು ಓದಿದ ಒಂದು ಅನುವಾದದಲ್ಲಿ ಆ ಕಾರಿನ ಹೆಸರು ಷೆವರ್ಲೆ, ಇನ್ನೊಂದರಲ್ಲಿ ಚೆವ್ರೊಲೆಟ್. ಬಸ್ಸಿನಲ್ಲಿ ಎರಡನ್ನೂ ಬಾಯಲ್ಲಿ ತಿರುವುತ್ತ ಕೂತಿದ್ದೆ.

ಬಿಡಿಭಾಗಗಳ ಅಂಗಡಿ ತುಂಬ ಜನ. "ಅದು... ಷೆ... ಚೆ..." ಎಂದೆ.

"ಹೆಸರ ಯಾಕ್ರಿ? ಒಡದದ್ದು ತಂದೀರಿಲ್ಲೊ? ಇಲ್ಲಿ ಇಡ್ರಿ," ಎಂದರು ಮಾಲಕರು.

ಡ್ರೈವರ್ ಕಟ್ಟಿಕೊಟ್ಟಿದ್ದ ಹಳೆಯ ದೀಪವನ್ನು ಚೀಲದಿಂದ ತೆಗೆದಿಟ್ಟೆ. ಅದನ್ನು ತಿರುಗಿಸಿ ನೋಡಿ, ಅಂಥದೇ ಹೊಸದನ್ನು ಕೊಟ್ಟರು. ಜೀವ ತಣ್ಣಗಾಯಿತು. ಆ ಧೈರ್ಯದಲ್ಲಿ ಕೇಳಿದೆ: "ಖರೆ ಹೆಸರು ಹ್ಯಾಂಗ ಅನಬೇಕ್ರಿ?"

"ಇಪ್ಪತ್ತ ವರ್ಷದಿಂದ ಮಾರಾಕತ್ತೇನ್ರಿ, ಒಮ್ಮಿನೂ ಅಂದಿಲ್ಲ. ಓದಿದಾವ್ರು, ನೀವ ಹೇಳ್ರಿ."

ಬಸ್ಸಿಗೆ ಹೊತ್ತಾಯಿತೆಂದು ಹೊರಬಿದ್ದೆ. ಬಸ್ಸಿಗೆ ಇನ್ನೂ ಒಂದು ತಾಸಿತ್ತು.