ಹೀಟರ್ ಬಂದಿಲ್ಲ ಎಂದಿದ್ದೆ

ಅಣ್ಣಾ, ಆ ಹೀಟರ್ ಕೋರ್ ಬಂದಿತ್ತು. ನಾನು ಬಂದಿಲ್ಲ ಎಂದೆ. ಒಂದು ಸಲ ಹೇಳಿ ನಿಲ್ಲಿಸಿದ್ದರೆ ಒಂದು ಮಾತು — ಆಮೇಲೆ ನೀನು ಬಂದ ಒಂದೊಂದು ಭಾನುವಾರವೂ ಅದನ್ನೇ ಹೇಳಿದೆ. ಅದು ಇವತ್ತಿಗೂ ನನ್ನ ಅಲ್ಮೇರಾದಲ್ಲಿ, ಸೀರೆಗಳ ಅಡಿಯಲ್ಲಿದೆ.

ನಿನ್ನೆ ನಿನ್ನ ಫೋನ್ ಬಂತು. ನಿನ್ನ ಮಗಳು ಡ್ರೈವಿಂಗ್ ಕಲಿತಿದ್ದಾಳೆ, ಅಪ್ಪನ ಕಾರನ್ನು ಮತ್ತೆ ರಸ್ತೆಗೆ ತರುತ್ತಾಳಂತೆ. "ಆ ಹೀಟರ್ ಈಗರ ಎಲ್ಲ್ಯಾರ ಸಿಕ್ಕೀತೇನು, ಇನ್ನೊಮ್ಮಿ ನೋಡವಾ" ಎಂದು ಎಷ್ಟು ಸಲೀಸಾಗಿ ಕೇಳಿಬಿಟ್ಟೆ ನೀನು.

ನಿನಗೆ ಗೊತ್ತಿರುವುದನ್ನೂ ಸೇರಿಸಿ ಮೊದಲಿನಿಂದಲೇ ಹೇಳುತ್ತೇನೆ. ನಡುವಿನಿಂದ ಹೇಳಲು ಹೋದರೆ ನನಗೆ ಅನುಕೂಲವಾದದ್ದನ್ನಷ್ಟೇ ಹೇಳಿಯೇನು. ಬಳ್ಳಾರಿ ಕಂಟೋನ್ಮೆಂಟಿನ ಡೇವಿಡ್‌ರನ್ನು ಮದುವೆಯಾದ ದಿನವೇ ಸಿರುಗುಪ್ಪದ ತವರುಮನೆಯ ಬಾಗಿಲು ನನಗೆ ಮುಚ್ಚಿತು. ಅಪ್ಪ ತೀರಿಕೊಂಡ ಸುದ್ದಿ ಎಲ್ಲ ಮುಗಿದ ಮೇಲೆ ಯಾರದೋ ಬಾಯಿಂದ ಬಂತು. ಮುಂದೆ ಡೇವಿಡ್ ಹೋದಾಗ ನಮ್ಮ ಕಡೆಯವರು ಒಬ್ಬರೂ ಬರಲಿಲ್ಲ. ಹಳೆಯ ಕಾರುಗಳ ಬಿಡಿಭಾಗ ಮಾರುವ ಅವರ ಅಂಗಡಿಯಲ್ಲಿ ನಾನು ಕೂತೆ. ಎಲ್ಲೂ ಸಿಗದ ಸಾಮಾನು ಬೇಕಾದರೆ ಆ ಅಮ್ಮನ ಹತ್ತಿರ ಹೋಗಿ ಎಂದು ಜನ ಹೇಳತೊಡಗಿದರು. ಹಾಗೆ ಯಾರೋ ಹೇಳಿದ್ದನ್ನು ಕೇಳಿಯೇ ನೀನು ಒಂದು ಭಾನುವಾರ ಬಸ್ಸಿಳಿದು ಬಂದು ಅಂಗಡಿಯ ಮೆಟ್ಟಿಲ ಕೆಳಗೆ ನಿಂತದ್ದು.

ನೀನು ನನ್ನ ಮುಖ ನೋಡಲಿಲ್ಲ. ಒಂದು ರಟ್ಟಿನ ತುಂಡನ್ನು ಮುಂದೆ ಚಾಚಿದೆ. ಕ್ಯಾಲೆಂಡರಿನ ರಟ್ಟು ಕತ್ತರಿಸಿ ಮಾಡಿದ ಅಳತೆ, ಪೈಪು ಹಾಯುವಲ್ಲಿ ಎರಡು ತೂತು, ಮೂಲೆಯಲ್ಲಿ ಬರೆದ ದಪ್ಪ.

"ಅಪ್ಪನ ಕಾರಿಂದು. ಹೀಟರ್ ಸೋರಾಕ ಹತ್ತೈತಿ. ಇದಕ್ಕ ಬರೋಬ್ಬರಿ ಕೂಡೋದು ಬೇಕು."

ಡ್ಯಾಶ್‌ಬೋರ್ಡಿನ ಹಿಂದೆ ಕೂಡುವ ಪುಟ್ಟ ರೇಡಿಯೇಟರ್ ಅದು. ಇಂಜಿನ್ನಿನ ಬಿಸಿನೀರು ಅದರೊಳಗೆ ಹಾಯುತ್ತದೆ, ಚಳಿಯ ಊರಿನವರು ಅದರಿಂದ ಕಾಲು ಬೆಚ್ಚಗೆ ಮಾಡಿಕೊಳ್ಳುತ್ತಾರೆ. ನಮ್ಮ ಕಡೆ ಅದು ಸೋರಿತೆಂದರೆ ಮೆಕ್ಯಾನಿಕ್ಕುಗಳು ಎರಡೂ ಪೈಪು ಒಂದಕ್ಕೊಂದು ಜೋಡಿಸಿ ಕೈ ತೊಳೆದುಕೊಳ್ಳುತ್ತಾರೆ. ನಿನ್ನ ಕಾರಿಗೂ ಹಾಗೆಯೇ ಮಾಡಿದ್ದರು. ಪಕ್ಕದ ಪಂಕ್ಚರ್ ಅಂಗಡಿಯ ಸಾಬರು ಕೇಳಿಸಿಕೊಂಡು ನಕ್ಕರು: "ಬಳ್ಳಾರಿ ಬಿಸಿಲಾಗ ಹೀಟರ್ ಯಾಕ್ರಿ? ಕಿಡಕಿ ತೆಗೀರಿ, ಸಾಕು."

ನಾನು ನಗಲಿಲ್ಲ. ಬೇಸಿಗೆಯಲ್ಲಿ ಇಂಜಿನ್ ಕುದಿಯುವ ಹಾಗಾದರೆ ಅಪ್ಪ ಕಿಡಕಿಗಳನ್ನೆಲ್ಲ ಇಳಿಸಿ ಹೀಟರನ್ನು ಪೂರ್ತಿ ತಿರುಗಿಸುತ್ತಿದ್ದ. ಇಂಜಿನ್ನಿನ ಕಾವೆಲ್ಲ ನಮ್ಮ ಮೇಲೆ ಬರುತ್ತಿತ್ತು, ಮೀಟರಿನ ಮುಳ್ಳು ಮೆಲ್ಲಗೆ ಇಳಿಯುತ್ತಿತ್ತು. ಹಿಂದಿನ ಸೀಟಿನಲ್ಲಿ ನಾವಿಬ್ಬರೂ ಬೆವರಿನಲ್ಲಿ ತೊಯ್ದು ಬಿದ್ದುಬಿದ್ದು ನಗುತ್ತಿದ್ದೆವು. ಈಗ ಈ ಲೋಕದಲ್ಲಿ ಅದನ್ನು ಬಲ್ಲವರು ನಾವಿಬ್ಬರೇ. "ಹೀಟರ್ ಇಲ್ದ ಉದ್ದ ದಾರಿಗೆ ಗಾಡಿ ತೆಗಿಯಂಗಿಲ್ಲ" ಎಂದು ನೀನು ಹೇಳಿದೆ, ನನಗಲ್ಲ, ಆ ರಟ್ಟಿಗೆ ಹೇಳಿದ ಹಾಗೆ.

ಹುಡುಕಲು ಶುರುಮಾಡಿದೆ. ಒಂದು ಬಂತು, ಪೈಪುಗಳು ಎಡಕ್ಕಿರಬೇಕಾದಲ್ಲಿ ಬಲಕ್ಕಿದ್ದವು. ಇನ್ನೊಂದು ಉದ್ದಗಲ ಸರಿ, ಬೆರಳಿನಷ್ಟು ದಪ್ಪ ಹೆಚ್ಚಾಗಿ ಕಾರಿನ ಹೀಟರ್ ಪೆಟ್ಟಿಗೆಯೊಳಗೆ ಇಳಿಯುವಂತಿರಲಿಲ್ಲ. ಗುಜರಿಯಲ್ಲಿ ಸಿಕ್ಕ ಮತ್ತೊಂದನ್ನು ನೀರಿನಲ್ಲಿ ಮುಳುಗಿಸಿ ಗಾಳಿ ಹಾಕಿದರೆ ಎಲ್ಲ ಕಡೆಯಿಂದಲೂ ಗುಳ್ಳೆ. ಪ್ರತಿ ಸಲವೂ ನೀನು "ಬರೋ ಆಯಿತಾರ ಬರ್ತೀನಿ" ಎಂದು ಹೋಗುತ್ತಿದ್ದೆ. ಬರುಬರುತ್ತ ಮೆಟ್ಟಿಲು ಹತ್ತಿದೆ. ಸ್ಟೂಲಿನ ಮೇಲೆ ಕೂತೆ. ಒಂದು ದಿನ ನೀರು ಕೇಳಿ ಕುಡಿದೆ. ಮಾತು ಮಾತ್ರ ಹೀಟರಿನದೇ. ಅತ್ತಿಗೆಯ ಸುದ್ದಿ, ಮಕ್ಕಳ ಸುದ್ದಿ, ಮನೆಯ ಸುದ್ದಿ ನೀನಾಗಿ ಹೇಳಲಿಲ್ಲ, ನಾನೂ ಕೇಳಲಿಲ್ಲ. ಕೇಳಿದರೆ ಎಲ್ಲಿ ಎದ್ದು ಹೋಗುತ್ತೀಯೋ ಎಂಬ ಭಯ. ಶನಿವಾರ ಮಧ್ಯಾಹ್ನದಿಂದಲೇ ಆ ಭಯ ಶುರುವಾಗುತ್ತಿತ್ತು. ನಾಳೆ ಬರದಿದ್ದರೆ?

ಹಾಗಿರುವಾಗ ಕೊಯಮತ್ತೂರಿನಿಂದ ಒಂದು ಪಾರ್ಸೆಲ್ ಬಂತು. ಬಿಚ್ಚಿ ನಿನ್ನ ರಟ್ಟು ಇಟ್ಟು ನೋಡಿದೆ. ಎರಡೂ ಪೈಪು ತೂತುಗಳಲ್ಲಿ ತಾವಾಗಿಯೇ ಇಳಿದವು. ದಪ್ಪವೂ ಸರಿ. ಗಾಳಿ ಹಾಕಿ ಮುಳುಗಿಸಿದರೆ ಒಂದು ಗುಳ್ಳೆಯಿಲ್ಲ. ಇಂಥದ್ದು ಸಿಕ್ಕಾಗ ಡೇವಿಡ್ ಮಕ್ಕಳ ಹಾಗೆ ಕುಣಿಯುತ್ತಿದ್ದರು. ನಾನು ಅದನ್ನು ಮತ್ತೆ ಅದೇ ಕಾಗದದಲ್ಲಿ ಸುತ್ತಿದೆ. ಕೊಟ್ಟರೆ ನೀನು ಕಂಕುಳಲ್ಲಿ ಇಟ್ಟುಕೊಂಡು ಬಸ್ಸು ಹತ್ತುತ್ತೀಯ. ಆಮೇಲೆ ಈ ಕಡೆ ತಲೆ ಹಾಕಲು ನಿನಗೆ ಏನು ಕಾರಣ ಉಳಿಯಿತು?

"ಬಂತೇನವಾ?" ಎಂದು ಆ ಭಾನುವಾರ ನೀನು ಕೇಳಿದೆ.

"ಇಲ್ಲಣ್ಣಾ. ಬಂದಿಲ್ಲ."

"ಇರ್ಲಿ ಬಿಡು. ಚಾ ಮಾಡ್ತಿಯೇನು?"

ನನ್ನ ಮನೆಯ ಚಹಾ ನೀನು ಮೊದಲ ಸಲ ಕುಡಿದದ್ದು ಅಂದೇ. ಸುಳ್ಳು ಹೇಳಿದ ಬಾಯಿಗೆ ಆ ಕ್ಷಣದಲ್ಲೇ ಸಕ್ಕರೆ ಬಿದ್ದಂತಾಯಿತು — ಕೆಟ್ಟದ್ದು ಅಲ್ಲಿಗೇ. ಇನ್ನೊಂದು ವಾರ, ಇನ್ನೊಂದೇ ವಾರ ಎನ್ನುತ್ತ ಬೇಸಿಗೆ ಕಳೆದೆ. ಕುದಿವ ರೇಡಿಯೇಟರಿನ ಮುಚ್ಚಳ ಮುಟ್ಟಬೇಡ ಎಂದು ನಿನಗೆ ಬುದ್ಧಿ ಬೇರೆ ಹೇಳುತ್ತಿದ್ದೆ. ಎಂಥ ಕಾಳಜಿ ನನ್ನದು.

ಆ ವರ್ಷ ಶ್ರಾವಣ ಬಂದರೂ ಮಳೆಯ ಸುಳಿವಿರಲಿಲ್ಲ. ನಾಗರ ಪಂಚಮಿಯ ಹಿಂದಿನ ದಿನ ಆಸ್ಪತ್ರೆಯಿಂದ ಫೋನ್ ಬಂತು. ಕುರುಗೋಡು ದಾಟಿ ಬಳ್ಳಾರಿಯ ಕಡೆ ಬರುವಾಗ ಕಾರು ಕುದಿದು ನಿಂತಿತ್ತು. ನೀನು ಅವಸರದಲ್ಲಿ ಮುಚ್ಚಳ ತಿರುಗಿಸಿದ್ದೆ. ಬಲಗೈ ಮೊಣಕೈವರೆಗೆ, ಕತ್ತು, ಗಲ್ಲ ಬೆಂದಿದ್ದವು. ವಾರ್ಡಿನಲ್ಲಿ ನಿನ್ನನ್ನು ನೋಡಿದಾಗ ಮೊದಲು ಹೊಳೆದದ್ದನ್ನೂ ಹೇಳಿಬಿಡುತ್ತೇನೆ — ಅಲ್ಮೇರಾಕ್ಕೆ ಬೀಗ ಹಾಕಿದ್ದೇನೋ ಇಲ್ಲವೋ ಎಂದು. ನಿನ್ನ ನೋವು ಹೊಳೆದದ್ದು ಆಮೇಲೆ.

ಭಾನುವಾರವಲ್ಲ, ಏನೂ ಅಲ್ಲ, ಹೀಟರ್ ಇಲ್ಲದ ಕಾರು ತೆಗೆದುಕೊಂಡು ಯಾಕೆ ಹೊರಟೆ ಎಂದು ಕೇಳಿದೆ. ಬ್ಯಾಂಡೇಜಿನ ಒಳಗಿಂದಲೇ ನೀನು ಹೇಳಿದೆ:

"ಪಂಚಮಿಗೆ ನಿನ್ನ ಕರಿಯಾಕ ಬರ್ತಿದ್ನೆವಾ. ನಿಮ್ಮತ್ತಿಗೀನ ಕುರುಗೋಡಿಗೆ, ಆಕಿ ತವರಿಗೆ ಬಿಟ್ಟು ಹಂಗ ಬಂದೆ. ನಿನಗಂತ ಉಂಡಿ ಮಾಡಿಟ್ಟು ಹೋಗ್ಯಾಳ. ಅಪ್ಪನ ಕಾರಿನ್ಯಾಗ ನಿನ್ನ ಮನಿಗೆ ಕರ್ಕೊಂಡು ಹೋಗ್ಬೇಕಂತ ಮೊದಲಿಂದ ಇತ್ತು. ಅದಕ್ಕ ಹೀಟರ್ ಹೀಟರ್ ಅಂತ ನಿನ್ನ ಜೀವ ತಿಂದೆ."

ಅಣ್ಣಾ, ಆಗ ನಾನು ಅತ್ತೆ. ಪ್ರೀತಿಗೆ ಅಳುತ್ತಿದ್ದೇನೆಂದು ನೀನು ತಿಳಿದೆ. ಎಡಗೈಯಿಂದ ನನ್ನ ತಲೆ ಮುಟ್ಟಿ, "ಸಿಗದ ಸಾಮಾನಿಗೆ ನೀ ಏನ್ ಮಾಡ್ತಿ? ನಾನ ಅವಸರ ಮಾಡ್ಕೊಂಡೆ" ಎಂದೆಯಲ್ಲ — ಹೇಳುವುದಿದ್ದರೆ ಆಗಲೇ ಹೇಳಬೇಕಿತ್ತು. ಬಾಯಿ ತೆರೆದೆ. ನರ್ಸ್ ಬಂದರು. ಮುಚ್ಚಿದೆ.

ನಿನ್ನ ಬಲಗೈಯ ಬೆರಳುಗಳು ಮತ್ತೆ ಮಡಚಲಿಲ್ಲ. ಕಾರು ಶೆಡ್ಡಿನಲ್ಲಿ ಉಳಿಯಿತು. ನಾನು ಮಾತ್ರ ಪ್ರತಿ ಪಂಚಮಿಗೆ ಬಸ್ಸಿನಲ್ಲಿ ತವರಿಗೆ ಬಂದೆ. ನೀನು ಎಡಗೈಯಲ್ಲಿ ಉಣ್ಣುವುದನ್ನು ನೋಡುತ್ತ ಅತ್ತಿಗೆ ಕೊಟ್ಟ ಉಂಡಿ ತಿಂದೆ. ಮನೆಗೆ ಬಂದವರಿಗೆಲ್ಲ ನೀನು ಈಗಲೂ ಹೇಳುತ್ತೀಯ, "ತಂಗಿ ಹೇಳಿದ್ಲು ಮುಚ್ಚಳ ಮುಟ್ಟಬ್ಯಾಡಂತ, ನನಗ ಬುದ್ಧಿ ಇಲ್ಲ" ಅಂತ. ನೀನು ನಗುತ್ತೀಯ, ಅವರೂ ನಗುತ್ತಾರೆ. ನಾನು ತಟ್ಟೆ ಎತ್ತಿಕೊಂಡು ಒಳಗೆ ಹೋಗುತ್ತೇನೆ.

ಹೀಟರ್ ಇದ್ದಿದ್ದರೆ ಅಂದು ಇಂಜಿನ್ ಕುದಿಯುತ್ತಲೇ ಇರಲಿಲ್ಲ ಎಂದು ನಾನು ಆಣೆ ಮಾಡಲಾರೆ. ಹಳೆಯ ಗಾಡಿ, ಅಂಥ ಬಿಸಿಲು. ಆದರೆ ಅಪ್ಪ ಮಾಡಿದ್ದನ್ನು ನೀನೂ ಮಾಡಬಹುದಿತ್ತು, ಕಿಡಕಿ ಇಳಿಸಿ, ಬೆವರುತ್ತ, ಅಂಗಡಿಯವರೆಗೂ ಬರಬಹುದಿತ್ತು. ಅದನ್ನು ನಿನ್ನ ಕೈಯಿಂದ ಕಿತ್ತುಕೊಂಡವಳು ನಾನು. ಅಪ್ಪ ಹೋದಾಗ ನನಗೆ ಹೇಳಿ ಕಳಿಸಲಿಲ್ಲವೆಂಬ ಸಿಟ್ಟು ಇದರಲ್ಲಿ ಸೇರಿತ್ತೇ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಇರಲಿಲ್ಲ. ಇದ್ದಿದ್ದರೂ ಅದು ಇದಕ್ಕೆ ಸಮಾಧಾನವಾಗುವುದಿಲ್ಲ.

ಈಗ ನೀನೇ ಮತ್ತೆ ಕೇಳಿದ್ದೀಯ, ನನಗೆ ದಾರಿ ತೆರೆದಿದೆ. "ಅಂತೂ ಸಿಕ್ತಣ್ಣಾ" ಎಂದು ತಂದುಕೊಟ್ಟರೆ ಮುಗಿಯಿತು. ನೀನು ಖುಷಿಪಡುತ್ತೀಯ, ಯಾರಿಗೂ ಏನೂ ತಿಳಿಯುವುದಿಲ್ಲ. ಬರೀ ಯೋಚಿಸಿದ್ದಲ್ಲ — ನಿನ್ನೆ ಸಂಜೆ ಪಾರ್ಸೆಲ್ಲಿನ ಹಳೆಯ ಕಾಗದ ತೆಗೆದು ಹೊಸದನ್ನು ಸುತ್ತಿಯೂ ಆಗಿತ್ತು. ದಾರ ಕಟ್ಟುವಾಗ ಈ ಕೈ ಎಷ್ಟು ಸರಾಗವಾಗಿ ಆಡುತ್ತಿದೆಯಲ್ಲ ಎನ್ನಿಸಿತು. ಬಿಚ್ಚಿಬಿಟ್ಟೆ.

ಬೆಳಗಿನ ಬಸ್ಸಿಗೆ ಬರುತ್ತಿದ್ದೇನೆ. ಕೋರನ್ನು ಹಳೆಯ ಕಾಗದದಲ್ಲೇ, ನಿನ್ನ ರಟ್ಟಿನ ಸಮೇತ ತರುತ್ತೇನೆ. ಈಗ ಮನಸ್ಸಿನಲ್ಲಿ ಹೇಳಿಕೊಂಡ ಇದನ್ನೆಲ್ಲ ನಿನ್ನ ಮನೆಯ ಮೆಟ್ಟಿಲ ಕೆಳಗೇ ನಿಂತು ಹೇಳುತ್ತೇನೆ, ಒಳಗೆ ಬಂದ ಮೇಲೆ ಅಲ್ಲ. ಕೇಳಿದ ಮೇಲೆ ನೀನು ಕರೆಯದಿದ್ದರೆ ಹಾಗೇ ಬಸ್ ಸ್ಟ್ಯಾಂಡಿಗೆ ತಿರುಗುತ್ತೇನೆ. ಅತ್ತಿಗೆ ತಡೆಯುವುದು ಬೇಡ. ಆದರೆ ಸಿಟ್ಟಿನಲ್ಲಿ ಆ ಕೋರನ್ನು ಎಸೆಯಬೇಡ. ಮಗಳ ಕಾರಿಗೆ ಕೂಡಿಸು. ಸರಿಯಾಗಿ ಕೂಡುತ್ತದೆ ಅಣ್ಣಾ. ನಾನು ಅಂದೇ ನೋಡಿದ್ದೆ.