ನಸ್ಯದ ಡಬ್ಬಿಯ ಮುಚ್ಚಳ

ಮಲ್ಲಿಪಟ್ಟಣದ ನಮ್ಮಜ್ಜಿ ಒಂದು ಬೆಂಕಿಕಡ್ಡಿಯನ್ನು ಬ್ಲೇಡಿನಲ್ಲಿ ಸೀಳಿ ಎರಡು ಮಾಡುತ್ತಿದ್ದಳು. ಇನ್ನೊಂದು ವರ್ಷ ಬದುಕಿದ್ದರೆ ಮೂರು ಮಾಡುತ್ತಿದ್ದಳು, ಅನುಮಾನವೇ ಬೇಡ. ಯುದ್ಧದ ಕಾಲದ ರೇಷನ್ನು ಮುಗಿದು, ನಾನು ಹುಟ್ಟಿ, ನನಗೆ ಮೀಸೆ ಚಿಗುರಿದರೂ ಅಜ್ಜಿಯ ಅಡುಗೆಮನೆಯಲ್ಲಿ ಮಾತ್ರ ರೇಷನ್ನು ಮುಗಿದಿರಲಿಲ್ಲ. ಅಪ್ಪ ಹಾಸನದ ಕಚೇರಿಯೊಂದರಲ್ಲಿ ಗುಮಾಸ್ತ; ತಿಂಗಳ ಮೊದಲ ವಾರವೇ ಸಕ್ಕರೆ ಡಬ್ಬಿ ಕಂಠಮಟ್ಟ ತುಂಬುತ್ತಿತ್ತು. ಆದರೆ ಅಳೆದು ಹಾಕುವವಳು ಅಜ್ಜಿ, ಅದೂ ತನ್ನ ನಸ್ಯದ ಡಬ್ಬಿಯ ಮುಚ್ಚಳದಲ್ಲಿ. ಲೋಟಕ್ಕೆ ಒಂದೇ ಮುಚ್ಚಳ. ನಮ್ಮ ಮನೆಯ ಕಾಫಿಗೆ ಬಿದ್ದ ಇರುವೆ ಕೂಡ ಮುಖ ಸಿಂಡರಿಸಿಕೊಂಡು ಈಜಿ ಆಚೆ ಬರುತ್ತಿತ್ತು.

ಇದಕ್ಕೆಲ್ಲ ನಾವು ನಗುತ್ತಿದ್ದದ್ದು ಅಕ್ಕನನ್ನು ನೋಡಲು ಚನ್ನರಾಯಪಟ್ಟಣದಿಂದ ಗಂಡಿನವರು ಬರುವವರೆಗೆ ಮಾತ್ರ. ಹುಡುಗ ಮೇಷ್ಟ್ರು. ಅಕ್ಕ ಬಾಗಿಲ ಸಂದಿಯಿಂದ ಎರಡು ಸಲ ಇಣುಕಿದಳು; ನಾನು ಊರಿಗೆಲ್ಲ ಹೇಳಿದ್ದು ಇಪ್ಪತ್ತೆರಡು. ಅವ್ವ ಅವಳಿಗೆ ಹೂ ಮುಡಿಸಲು ಹೋದಾಗ ಕೇಸರಿಬಾತಿಗೆ ಸಕ್ಕರೆ ಹಾಕಿದವಳು ಅಜ್ಜಿ. ಎಂಟು ಜನಕ್ಕೆ ಎಂಟು ಮುಚ್ಚಳ.

ಹುಡುಗನ ತಂದೆ ಒಂದು ತುತ್ತು ಬಾಯಿಗಿಟ್ಟು ತಟ್ಟೆ ಸರಿಸಿದರು. ಬೀದಿಗಿಳಿದು ಹೆಂಡತಿಗೆ ಹೇಳಿದ್ದು ನಮಗೂ ಕೇಳಿಸಿತು: "ಬಂದೋರ್ಗೆ ಸಕ್ರೆ ಆಕಕ್ಕೇ ಜೀವ ಓಯ್ತದೆ ಇವ್ರಿಗೆ. ಈ ಮನೆ ಎಣ್ಣು ತಂದ್ರೆ ನಾವೂ ಸಪ್ಪೆ ತಿನ್ಕಂಡಿರ್ಬೇಕಾಯ್ತದೆ."

ಸಂಬಂಧ ಅಲ್ಲಿಗೆ ಮುರಿಯಿತು.

ಅಕ್ಕ ಸಕ್ಕರೆ ಡಬ್ಬಿಯನ್ನು ತಂದು ಅಜ್ಜಿಯ ಮುಂದೆ ಕುಕ್ಕಿದಳು. "ತುಂಬೈತಲ್ಲ ಅಜ್ಜಿ, ಕಣ್ ಕಾಣಕಿಲ್ವಾ ನಿಂಗೆ?"

"ಮುಗ್ದೋದ್ರೆ ಏನ್ ಮಾಡೀಯೆ?"

"ಅಂಗ್ಡೀಲಿ ಸಿಗ್ತದೆ ಕಣವ್ವ," ಎಂದು ಅಪ್ಪ ಹಲ್ಲು ಕಡಿದರು.

"ಯುದ್ದದ್ ಕಾಲ್ದಾಗೂ ಇಂಗೇ ಅಂದಿದ್ರು. ನಿನ್ ತಮ್ಮ ಜರ ಬಂದು ಮಲ್ಗಿದ್ದಾಗ ಗಂಜಿಗೆ ಚೂರು ಸಕ್ರೆ ಕೇಳ್ದ. ಡಬ್ಬಿ ತಳ ಕೆರ್ದೆ ಕಣ್ಲಾ. ಬರೀ ತಗ್ಡು."

ಏಳು ವರ್ಷಕ್ಕೇ ತೀರಿಕೊಂಡ ಆ ಚಿಕ್ಕಪ್ಪನ ವಿಷಯ ನಾನು ಕೇಳಿದ್ದು ಅದೇ ಮೊದಲು. ಅಪ್ಪ ತಲೆ ತಗ್ಗಿಸಿದರು. ನನ್ನ ಸಿಟ್ಟು ಮಾತ್ರ ಇಳಿಯಲಿಲ್ಲ. ಅವನಿಗೆ ಸಿಗದ ಸಕ್ಕರೆಗೆ ನಮ್ಮಕ್ಕ ಯಾಕೆ ದಂಡ ತೆರಬೇಕು? ಅಕ್ಕ ಅಜ್ಜಿಯೊಂದಿಗೆ ಮಾತು ಬಿಟ್ಟಳು.

ಆ ವರ್ಷವೇ ಅಜ್ಜಿ ಹಾಸಿಗೆ ಹಿಡಿದಳು. ಒಂದು ಸಂಜೆ ಕೋಪಕ್ಕೇ ನಾಲ್ಕು ಚಮಚ ಸಕ್ಕರೆ ಸುರಿದು ಅವಳಿಗೆ ಕಾಫಿ ಕೊಟ್ಟೆ. ಬೈಯುತ್ತಾಳೆಂದು ಕಾದು ನಿಂತೆ. ಅರ್ಧ ಕುಡಿದು ಲೋಟ ನನ್ನ ಕೈಗಿಟ್ಟಳು.

"ಉಳ್ದಿದ್ನ ನಿಮ್ಮಕ್ಕಂಗೆ ಕೊಡು ಕಣ್ಲಾ. ಸಿಹಿಯಾಗೈತೆ."

ಅಕ್ಕ ಕುಡಿಯಲಿಲ್ಲ, ಚೆಲ್ಲಲೂ ಇಲ್ಲ. ಮರುದಿನ ಅಜ್ಜಿಯನ್ನು ಚಟ್ಟದ ಮೇಲೆ ಎತ್ತಿಕೊಂಡು ಹೋದ ಮೇಲೂ ಆ ಲೋಟ ಅಡುಗೆಮನೆಯ ಕಟ್ಟೆಯ ಮೇಲೇ ಇತ್ತು, ಅಂಚಿನವರೆಗೆ ಇರುವೆ ಮುತ್ತಿಕೊಂಡು.