ಅತ್ಯಾ ನನ್ನ ಗುರುತು ಹಿಡಿಯದ ಹನ್ನೊಂದು ದಿನ

“ಯಾರಪ್ಪಾ ನೀ? ನಮ್ಮ ಪಾಂಡೂನ ಮುಖಾ ಹಾಕ್ಕೊಂಡು ಯಾಕ ಬಂದೀ?”

ಹೋದ ವರ್ಷ ಭಾದ್ರಪದದ ಒಂದು ಭಾನುವಾರ ಮಧ್ಯಾಹ್ನ, ಹೆಸರುಬೇಳೆ ಗಂಜಿಯ ಬಟ್ಟಲು ಹಿಡಿದು ಮಂಚದ ಹತ್ತಿರ ನಿಂತಿದ್ದ ನನ್ನನ್ನು ನಮ್ಮ ಅತ್ಯಾ ಹೀಗೆ ಕೇಳಿದಳು. ಪ್ರಾಣದೇವರನ್ನು ನಂಬಿ ನಡೆಯುವ ನಿಮ್ಮೆಲ್ಲರ ಮುಂದೆ ಅಲ್ಲಿಂದ ಶುರುವಾದ ಹನ್ನೊಂದು ದಿನಗಳನ್ನು ಹೇಳಿಕೊಳ್ಳಬೇಕಾಗಿದೆ. ಸ್ವಾಮಿ ನನ್ನ ಮೇಲೆ ಮಾಡಿದ ದಯೆಯ ಜೊತೆಗೆ ನಾನು ಮಾಡಿದ ತಪ್ಪನ್ನೂ ಬರೆಯುತ್ತೇನೆ. ಅದನ್ನು ಮುಚ್ಚಿಟ್ಟು ದಯೆಯನ್ನಷ್ಟೇ ಹೇಳಲು ಎರಡು ಸಲ ಕೂತೆ, ಎರಡು ಸಲವೂ ಕಾಗದ ಹರಿದು ಹಾಕಿದೆ.

ನನ್ನ ಹೆಸರು ಪಾಂಡುರಂಗ. ಮಾನ್ವಿಯಲ್ಲಿ ಪ್ರಾಣದೇವರ ಒಂದು ಸಣ್ಣ ಗುಡಿಯ ಅರ್ಚಕ, ವಯಸ್ಸು ಐವತ್ತಾರು. ನನಗೆ ಎರಡು ವರ್ಷ ತುಂಬುವ ಮೊದಲೇ ತಾಯಿ ತೀರಿಕೊಂಡಳು. ತಂದೆಯ ತಂಗಿ, ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದಿದ್ದವಳು, ನನ್ನನ್ನು ಎತ್ತಿಕೊಂಡಳು. ಅವಳೇ ಅತ್ಯಾ. ಈಗ ಅವಳಿಗೆ ಎಂಬತ್ತೊಂದು. ಬೆಳಗಿನ ಸ್ನಾನವಾಗದೆ ಬಾಯಿಗೆ ನೀರು ಹಾಕಿದವಳಲ್ಲ. ಮಡಿಯ ತಂಬಿಗೆಯನ್ನು ನನ್ನ ಹೆಂಡತಿ ವಿಜಯಾ ಕೂಡ ಮುಟ್ಟುವಂತಿರಲಿಲ್ಲ.

ಶ್ರಾವಣದಲ್ಲಿ ಅತ್ಯಾ ಬಚ್ಚಲ ಹತ್ತಿರ ಜಾರಿ ಬಿದ್ದು ತೊಡೆಯ ಮೂಳೆ ಮುರಿದಿತ್ತು. ರಾಯಚೂರಿನ ಆಸ್ಪತ್ರೆಯೊಂದರಲ್ಲಿ ಆಪರೇಷನ್ ಆಯಿತು. ಮೂತ್ರದ ಪೈಪು ಹಾಕಿ ಮನೆಗೆ ಕಳಿಸಿದರು. ವಿಜಯಾ ದೇವದುರ್ಗದ ಶಾಲೆಯಲ್ಲಿ ಟೀಚರು. ಬೆಳಗಿನ ಬಸ್ಸಿಗೆ ಹೋದರೆ ಬರುವುದು ಸಂಜೆ ಆರೂವರೆಗೆ. ಹಾಗಾಗಿ ಅತ್ಯಾಳ ಆರೈಕೆ ನನ್ನ ಪಾಲಿಗೆ ಬಂತು. ಮೈ ಒರೆಸುವುದು, ಸೀರೆ ಬದಲಿಸುವುದು, ಚೀಲದಲ್ಲಿ ತುಂಬಿದ ಮೂತ್ರ ಚೆಲ್ಲುವುದು, ಎಲ್ಲ. ಮೊದಮೊದಲು ಅವಳು ಮುಖ ಗೋಡೆಗೆ ತಿರುಗಿಸಿ ಅಳುತ್ತಿದ್ದಳು. “ನಿನ್ನ ಕೈಲೆ ಇದನ್ನೆಲ್ಲಾ ಮಾಡಿಸ್ಕೊಳ್ಳೋ ಹಂಗಾತಲ್ಲೋ ಪಾಂಡೂ” ಎನ್ನುತ್ತಿದ್ದಳು. ಎರಡು ವಾರ ಹೀಗೆ ಹೋಯಿತು. ಆಮೇಲೆ ಆ ಭಾನುವಾರ ಬಂತು.

“ಅತ್ಯಾ, ನಾನಽ ಪಾಂಡುರಂಗ” ಎಂದೆ.

“ಅಲ್ಲ. ಅವನ ಹಂಗಽ ಇದ್ದೀ. ಆದ್ರ ಅಂವ ಅಲ್ಲ.” ಅವಳು ನನ್ನನ್ನು ನೋಡುತ್ತಿದ್ದ ರೀತಿ ಈಗಲೂ ನನ್ನನ್ನು ಬಿಟ್ಟಿಲ್ಲ. ಸಿಟ್ಟಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳ ಕಣ್ಣಲ್ಲಿ ಇದ್ದದ್ದು ಭಯ. “ನಮ್ಮ ಹುಡುಗನ್ನ ಎಲ್ಲಿಟ್ಟೀ, ಹೇಳು.”

ಅಂದಿನಿಂದ ನನ್ನ ಕೈಯ ಅನ್ನ ಮುಟ್ಟಲಿಲ್ಲ. ತೀರ್ಥ ಕೊಟ್ಟರೆ ಉಗಿದಳು. ವಿಜಯಾ ಸಂಜೆ ಬಂದು ಕೊಟ್ಟರೆ ಎರಡು ತುತ್ತು ತಿನ್ನುವಳು, ಅದೂ ಬಾಗಿಲ ಕಡೆ ನೋಡುತ್ತಾ, “ಅಂವ ಹೋದನೇನು?” ಎಂದು ಕೇಳುತ್ತಾ.

ಮೂರನೆಯ ದಿನ ಗುಡಿಯಿಂದ ಬಂದು ಅಂಗಳದಲ್ಲಿ ಕಾಲು ತೊಳೆಯುತ್ತಿದ್ದೆ. ಒಳಗಿನಿಂದ ಅತ್ಯಾ ಯಾರೊಂದಿಗೋ ಮೆಲ್ಲಗೆ ಮಾತಾಡುವುದು ಕೇಳಿಸಿತು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಬಾಗಿಲ ಹಿಂದೆ ನಿಂತೆ.

“ಅಲ್ಲೇ ಇರೋ ಪಾಂಡೂ, ಹೊರಗ ಬರಬ್ಯಾಡ. ಅಂವ ಹೋಗ್ಲಿ. ಹಸಿವಿ ಆಗ್ಯಾದೇನು ನನ್ನ ಬಂಗಾರಕ್ಕ?”

ಅವಳ ಪಾಲಿಗೆ ಮಂಚದ ಕೆಳಗೆ ನಾನು, ಐದಾರು ವರ್ಷದವನು, ಅಡಗಿಕೊಂಡಿದ್ದೆ. ಅವಳು ನನ್ನಿಂದಲೇ ನನ್ನನ್ನು ಕಾಯುತ್ತಿದ್ದಳು. ಆ ದನಿಯನ್ನು ನಾನು ಕೇಳಿ ಐವತ್ತು ವರ್ಷವಾಗಿತ್ತು. ಹಾಸಿಗೆ ಬದಲಿಸುವಾಗ ದಿಂಬಿನ ಕೆಳಗೆ ಅರ್ಧ ಬಾಳೆಹಣ್ಣು ಸಿಕ್ಕಿತು, ಕಪ್ಪಾಗಿ ಜಿಗುಟಾಗಿತ್ತು. ವಿಜಯಾ ತಿನ್ನಿಸಿದ್ದರಲ್ಲಿ ಅರ್ಧವನ್ನು ಅತ್ಯಾ ಆ ಹುಡುಗನಿಗೆ ಎತ್ತಿಟ್ಟಿದ್ದಳು. ನಗಬೇಡಿ, ನಾನು ಬಗ್ಗಿ ಮಂಚದ ಕೆಳಗೆ ನೋಡಿದೆ. ಒಂದು ಸಲವಲ್ಲ, ದಿನಾ ನೋಡಿದೆ. ಕನ್ನಡಿಯ ಮುಂದೆ ನಾಮ ಹಚ್ಚಿಕೊಳ್ಳುವಾಗ ಈ ಮುಖ ಯಾರದು ಎಂದು ಕೈ ನಿಂತು ಹೋಗುತ್ತಿತ್ತು.

ನೋಡಲು ಬಂದವರು ತಲೆಗೊಂದು ಹೇಳಿದರು. “ಗಾಳಿ ಸೋಕ್ಯಾದ” ಎಂದರು ಕೆಲವರು. “ವಯಸ್ಸಾತಲ್ರೀ ಆಚಾರ್ರ, ಮರವು ಬಂದಽ ಬರ್ತದ” ಎಂದರು ಕೆಲವರು. ನಾನು ಊರವರಿಗೆಲ್ಲ ರಕ್ಷೆಯ ದಾರ ಕಟ್ಟುವವನು; ಅವಳಿಗೂ ಕಟ್ಟಿದೆ. ಹಲ್ಲಿನಿಂದ ಹರಿದಳು. ನಿದ್ದೆ ಬರಲೆಂದು ಯಾರೋ ಹೇಳಿದ ಗುಳಿಗೆಯನ್ನು ವೈದ್ಯರನ್ನು ಕೇಳದೆ ಅಂಗಡಿಯಿಂದ ತಂದು, ವಿಜಯಾಳ ಕೈಯಿಂದ ಹಾಲಿನಲ್ಲಿ ಕೊಡಿಸಿದೆ. ಹಗಲೆಲ್ಲ ಮಂಪರು, ಎಚ್ಚರಾದರೆ ಮತ್ತಷ್ಟು ಕೂಗಾಟ.

ಐದನೆಯ ದಿನ ಅವಳು ಮೂತ್ರದ ಪೈಪು ಹಿಡಿದು ಜಗ್ಗಿದಳು. ಸೀರೆಗೆ ರಕ್ತ ಹತ್ತಿತು. ಅಂದು ನಾನು ನನ್ನ ಹಳೆಯ ಶಲ್ಯವನ್ನು ಎರಡು ತುಂಡು ಮಾಡಿ, ಅವಳ ಎರಡೂ ಕೈಗಳನ್ನು ಮಂಚದ ಪಟ್ಟಿಗೆ ಕಟ್ಟಿದೆ. ಮನೆಗೆ ಬೀಗ ಹಾಕಿ ಪೂಜೆಗೆ ಹೋದೆ. ವಿಜಯಾ ಬರುವ ಹೊತ್ತಿಗೆ ಬಿಚ್ಚಿಬಿಡುತ್ತಿದ್ದೆ. ಅವಳಿಗೆ ಹೇಳಲಿಲ್ಲ. ಮಾರನೆಯ ದಿನವೂ ಕಟ್ಟಿದೆ.

ಏಳನೆಯ ದಿನ ಶನಿವಾರ. ಸ್ವಾಮಿಯ ವಾರ, ಗುಡಿಯಲ್ಲಿ ಜನ ತುಂಬಿದ್ದರು. ಅಭಿಷೇಕ ಮಾಡುತ್ತಾ ಮಾಡುತ್ತಾ ನನಗೆ ಮಂತ್ರ ಮರೆತು ಹೋಯಿತು. ನಲವತ್ತು ವರ್ಷದಿಂದ ನಾಲಿಗೆಯ ಮೇಲಿದ್ದ ಮಂತ್ರ. ಹೊರಗೆ ನಿಂತವರಿಗೆ ತಿಳಿಯದಂತೆ ತುಟಿ ಆಡಿಸುತ್ತಾ ಕೇಳಿಕೊಂಡೆ. ಮೊದಲು ಕೇಳಿದ್ದು ಏನೆಂದು ಹೇಳಿಬಿಡುತ್ತೇನೆ: ಇವಳನ್ನು ಕರೆದುಕೋ. ಕೇಳಿದ ಮೇಲೆ ಕಲಶವನ್ನು ಎರಡೂ ಕೈಯಿಂದ ಹಿಡಿದುಕೊಂಡೆ. ಆಮೇಲೆ ಕೇಳಿದೆ: ತಂದೆ, ನಾನು ಹೇಳಿದ್ದನ್ನು ಕೇಳಿಸಿಕೊಳ್ಳಬೇಡ. ಒಂದು ಸಲ, ಒಂದೇ ಸಲ ಅವಳು ನನ್ನ ಗುರುತು ಹಿಡಿಯಲಿ. ಮುಂದಿನದು ನಿನ್ನ ಚಿತ್ತ.

ಮಂಗಳಾರತಿ ಮುಗಿದು ಜನ ಕರಗುವಷ್ಟರಲ್ಲಿ ಎರಡು ದಾಟಿತ್ತು. ಶನಿವಾರ ಶಾಲೆ ಅರ್ಧ ದಿನ ಎಂಬುದು ನನಗೆ ನೆನಪೇ ಇರಲಿಲ್ಲ. ಮನೆಗೆ ಬಂದರೆ ಬೀಗ ತೆಗೆದಿದೆ. ವಿಜಯಾ ಬಾಗಿಲಲ್ಲಿ ಸೆರಗು ಬಾಯಿಗೆ ಹಿಡಿದು ನಿಂತಿದ್ದಾಳೆ. ಒಳಗೆ ಮಂಚದ ಅಂಚಿನಲ್ಲಿ ಮೂವತ್ತೈದರ ಆಸುಪಾಸಿನ, ನಾನು ಹಿಂದೆ ಎಂದೂ ನೋಡದ ಹೆಣ್ಣುಮಗಳೊಬ್ಬಳು ಕೂತು ಶಲ್ಯದ ಗಂಟು ಬಿಚ್ಚುತ್ತಿದ್ದಾಳೆ.

ಅವಳ ಹೆಸರು ಸುಜಾತಾ. ಅರಕೇರಾದವಳು, ಮಾನ್ವಿಯ ಆಸ್ಪತ್ರೆಯೊಂದರಲ್ಲಿ ನರ್ಸು. ರಜೆಗೆ ಊರಿಗೆ ಹೋಗಿ, ದೇವದುರ್ಗದಲ್ಲಿ ಬಸ್ಸು ಬದಲಿಸಿ ಮಧ್ಯಾಹ್ನದ ಪಾಳಿಗೆ ಬರುತ್ತಿದ್ದಳು. ಪಕ್ಕದ ಸೀಟಿನಲ್ಲಿ ವಿಜಯಾ ಕಿಟಕಿಗೆ ಮುಖ ಮಾಡಿ ಅಳುತ್ತಿದ್ದುದನ್ನು ಕಂಡು ಯಾಕೆಂದು ಕೇಳಿದಳಂತೆ. ಎಲ್ಲ ಕೇಳಿದ ಮೇಲೆ ಒಂದೇ ಪ್ರಶ್ನೆ: “ಇದು ಮೆಲ್ಲಕ ಮೆಲ್ಲಕ ಬಂತೋ, ಒಮ್ಮಿಂದೊಮ್ಮೆಲೆ ಬಂತೋ ಅಕ್ಕಾರ?” ಒಮ್ಮೆಲೇ ಎಂದು ವಿಜಯಾ ಹೇಳಿದ ಕೂಡಲೇ ಫೋನು ಮಾಡಿ, ತನ್ನ ಪಾಳಿಯನ್ನು ಗೆಳತಿಗೆ ಒಪ್ಪಿಸಿ, ಬಸ್ಸಿಳಿದು ನೇರ ನಮ್ಮ ಮನೆಗೆ ಬಂದಿದ್ದಳು.

ಅವಳು ನನ್ನನ್ನು ನೋಡಿದಳು. ಕೈಯಲ್ಲಿದ್ದ ಶಲ್ಯದ ತುಂಡನ್ನು ಮಡಿಸಿ ಪಕ್ಕಕ್ಕಿಟ್ಟಳು. ಅತ್ಯಾಳ ಮಣಿಕಟ್ಟನ್ನು ತಿಕ್ಕುತ್ತಾ, ಮೂತ್ರದ ಚೀಲವನ್ನು ಬೆಳಕಿಗೆ ಎತ್ತಿ ಹಿಡಿದಳು.

“ಯಾವಾಗಿಂದ ಹಿಂಗ ಮಬ್ಬು ಅದ?”

ನನಗೆ ಗೊತ್ತಿರಲಿಲ್ಲ. ದಿನಾ ನಾನೇ ಚೆಲ್ಲುತ್ತಿದ್ದೆ, ಮುಖ ತಿರುಗಿಸಿ ಚೆಲ್ಲುತ್ತಿದ್ದೆ.

“ಆಚಾರ್ರೀ, ಇದು ಮರವು ಅಲ್ಲ ಅನಸ್ತದ. ಮರವು ಹಿಂಗ ಒಂದಽ ದಿನದಾಗ ಬರಂಗಿಲ್ಲ. ಪೈಪಿನಿಂದ ಸೋಂಕು ಏರಿರಬೇಕು. ಇಷ್ಟು ವಯಸ್ಸಾದವ್ರಿಗೆ ಒಮ್ಮೊಮ್ಮೆ ಜ್ವರ ಕಾಣಂಗಿಲ್ರೀ, ಬುದ್ಧಿ ಕದಡ್ತದ. ಮ್ಯಾಲ ನಿದ್ದಿ ಗುಳಿಗಿ ಬ್ಯಾರೆ ಕೊಟ್ಟೀರಿ. ಡಾಕ್ಟರ್ ನೋಡ್ಬೇಕು, ಈಗಿಂದೀಗ ಹೋಗೋಣು.”

ಆಂಬುಲೆನ್ಸಿನಲ್ಲಿ ಅವಳೂ ಬಂದಳು. ಕಲ್ಮಲಾ ದಾಟುವ ಹೊತ್ತಿಗೆ ಅತ್ಯಾಳ ತುಟಿಗಳು ಒಣಗಿ ಬಿರಿದಿದ್ದವು. ನಾನು ಚಮಚ ಹಿಡಿದರೆ ಹಲ್ಲು ಕಚ್ಚಿದಳು. ವಿಜಯಾ ಹಿಡಿದರೂ ಬಾಯಿ ತೆರೆಯಲಿಲ್ಲ. ಸುಜಾತಾ ತನ್ನ ಬಾಟಲಿಯ ಮುಚ್ಚಳ ತೆಗೆದು ನನ್ನ ಕಡೆ ತಿರುಗಿದಳು.

“ನಾ ಕುಡಸ್ಲೇನ್ರೀ? ನಿಮ್ಮ ಮನ್ಯಾಗ ಮಡಿ ಅದ, ಕೇಳಿ ಕುಡಸಾಕತ್ತೀನಿ. ನಮ್ಮ ಮನ್ಯಾಗ ಬುದ್ಧನ ಫೋಟೋ ಅದ. ನಮ್ಮಪ್ಪ ನಮ್ಮವ್ವ ಮಂದಿ ಹೊಲದಾಗ ದುಡದು ನನ್ನ ಓದಿಸ್ಯಾರ.”

ಅವಳ ದನಿಯಲ್ಲಿ ಅಂಜಿಕೆಯೂ ಇರಲಿಲ್ಲ, ಚುಚ್ಚುವುದೂ ಇರಲಿಲ್ಲ. ಕೈ ಕಟ್ಟಿದವನನ್ನು ಒಂದು ಮಾತು ಕೇಳದವಳು ನೀರಿಗೆ ನನ್ನ ಅಪ್ಪಣೆ ಕೇಳುತ್ತಿದ್ದಳು. “ಕುಡಸವ್ವಾ” ಎಂದೆ. ಅವಳು ಅತ್ಯಾಳ ತಲೆಯನ್ನು ತೋಳಿನ ಮೇಲೆ ಎತ್ತಿಕೊಂಡು, “ಯವ್ವಾ, ನಾ ಸುಜಾತಾ ಅದೀನ್ರೀ, ನೀರು ತಂದೀನಿ” ಎಂದಳು. ಅತ್ಯಾ ಬಾಯಿ ತೆರೆದಳು. ಒಂದೊಂದೇ ಚಮಚ, ರಾಯಚೂರು ಬರುವವರೆಗೂ ಕುಡಿದಳು.

ಆಸ್ಪತ್ರೆಯಲ್ಲಿ ರಕ್ತ, ಮೂತ್ರ ಪರೀಕ್ಷೆ ಮಾಡಿದರು. ಸುಜಾತಾ ಊಹಿಸಿದ್ದೇ ನಿಜವಾಯಿತು. ಇನ್ನೊಂದೆರಡು ದಿನ ತಡವಾಗಿದ್ದರೆ ಕಷ್ಟವಿತ್ತು ಎಂದರು ವೈದ್ಯರು. ಪೈಪು ಬದಲಿಸಿ, ಸಲೈನು ಹಚ್ಚಿ, ಇಂಜೆಕ್ಷನ್ ಶುರು ಮಾಡಿದರು. ನಿದ್ದೆಯ ಗುಳಿಗೆ ನಿಲ್ಲಿಸಿದರು. ಹೊರಡುವ ಮೊದಲು ಸುಜಾತಾ ಕೇಳಿದಳು, “ಇವ್ರಿಗಿ ಚಸ್ಮಾ ಇಲ್ಲೇನ್ರೀ?” ಇತ್ತು. ಆಪರೇಷನ್ ದಿನ ತೆಗೆದು ಪೆಟ್ಟಿಗೆಯಲ್ಲಿಟ್ಟದ್ದು ಅಲ್ಲೇ ಉಳಿದಿತ್ತು. ವಿಜಯಾ ಮಾರನೆಯ ದಿನ ಮಾನ್ವಿಗೆ ಹೋಗಿ ತಂದಳು.

“ನಾನಽ ಪಾಂಡು, ನಾನಽ ಪಾಂಡು ಅಂತ ವಾದಾ ಹಾಕಬ್ಯಾಡ್ರಿ” ಎಂದು ಸುಜಾತಾ ನನಗೆ ಹೇಳಿ ಹೋದಳು. “ಅಂಜಿದವ್ರ ಜೋಡಿ ವಾದಾ ಮಾಡಿದ್ರ ಮತ್ತಿಷ್ಟು ಅಂಜತಾರ. ಸುಮ್ಮ ಎದುರಿಗಿ ಕುಂದ್ರಿ. ಕೈ ಕಾಣೋ ಹಂಗ ಇಟ್ಕೊಂಡು ಕುಂದ್ರಿ.”

ನಾಲ್ಕು ದಿನ ಹಾಗೆ ಕೂತೆ. ಎರಡೂ ಕೈ ಮೊಣಕಾಲ ಮೇಲೆ. ಬುಧವಾರ ಬೆಳಗ್ಗೆ ವಾರ್ಡಿನ ಆಯಾ ನೆಲ ಒರೆಸಿ ಹೋದ ಮೇಲೆ ಅತ್ಯಾ ಕಣ್ಣು ಬಿಟ್ಟಳು. ಚಸ್ಮಾದೊಳಗಿಂದ ಬಹಳ ಹೊತ್ತು ನೋಡಿದಳು.

“ಪಾಂಡೂ, ಎಷ್ಟು ಸೊರಗೀಯೋ. ಗುಡಿ ಬಾಗಲಾ ಯಾರು ತಗೀಲಿಕತ್ತಾರ?”

ಕೇಳಿಕೊಂಡದ್ದು ಕೈಗೆ ಬಂದಿತ್ತು. ಅವಳ ಪಾದ ಹಿಡಿದು ಅತ್ತೆ. ಆದರೆ ಅವಳ ಮಾತು ಮುಗಿದಿರಲಿಲ್ಲ.

“ಮನ್ಯಾಗ ಒಬ್ಬಾಂವ ಇದ್ದ. ಥೇಟ್ ನಿನ್ನ ಹಂಗಽ. ನನ್ನ ಕೈ ಕಟ್ಟಿ ಹೋಗ್ತಿದ್ದ. ನೀ ಎಲ್ಲಿ ಹೋಗಿದ್ಯೋ ಆವಾಗ?”

ಜ್ವರದಾಗ ಏನೋ ಕಂಡೀ ಅತ್ಯಾ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನಾಲಿಗೆಯ ತುದಿಗೆ ಬಂದಿತ್ತು ಕೂಡ. “ಅತ್ಯಾ, ಅಂವ ನಾನಽ. ಕಟ್ಟಿದಾಂವ ನಾನಽ” ಎಂದೆ.

ಅವಳು ನನ್ನ ಕೆನ್ನೆ ಮುಟ್ಟಿದಳು. ಮಣಿಕಟ್ಟಿನ ಮೇಲೆ ಕಂದು ಗುರುತು ಇನ್ನೂ ಇತ್ತು. “ಹುಚ್ಚಪ್ಪಾ, ನೀ ಹಂಗ ಮಾಡಾಂವ ಅಲ್ಲ. ನಾ ಬೆಳಸೀನಲ್ಲಾ, ನನಗ ಗೊತ್ತಿಲ್ಲೇನು?”

ಆಮೇಲೆ ಎರಡು ಸಲ ಹೇಳಿದೆ. ಎರಡು ಸಲವೂ ಒಪ್ಪಲಿಲ್ಲ. ತಪ್ಪು ಒಪ್ಪಿಕೊಂಡರೂ ಅದನ್ನು ಇಳಿಸಿಡಲು ನನಗೆ ಜಾಗ ಸಿಗಲಿಲ್ಲ.

ಮನೆಗೆ ಬಂದು ತಿಂಗಳಾದ ಮೇಲೆ ಒಂದು ಭಾನುವಾರ ಸುಜಾತಾ ನೋಡಲು ಬಂದಳು. ಅತ್ಯಾ ಅವಳನ್ನು ತನ್ನ ಮಂಚದ ಮೇಲೆಯೇ ಕೂರಿಸಿಕೊಂಡಳು. “ನೀರು ಕುಡಿಸಿದಾಕಿ ನೀನಽ ಹೌದಿಲ್ಲೋ?” ಎಂದು ಕೇಳಿ ಕೈ ಹಿಡಿದವಳು ಬಿಡಲಿಲ್ಲ. ವಿಜಯಾ ಚಹಾ ತಂದಿಟ್ಟಳು. ಅತ್ಯಾ ದನಿ ತಗ್ಗಿಸಿ ಕೇಳಿದಳು:

“ಆವಾಗ ಮನ್ಯಾಗ ಒಬ್ಬಾಂವ ಇದ್ದ ನೋಡು. ನೀ ನೋಡಿದ್ಯೇನವ್ವಾ ಅವನ್ನ?”

ಸುಜಾತಾ ನನ್ನ ಕಡೆ ನೋಡಿದಳು. ನಾನು ತಲೆ ತಗ್ಗಿಸಿದೆ.

“ನೋಡೀನ್ರೀ ಯವ್ವಾ” ಎಂದಳು. “ಭಾಳ ದಣಿದಿದ್ದ ರೀ ಅಂವ.”

“ಮತ್ತ ಬರ್ತಾನೇನು?”

“ನಿದ್ದಿಗೆಟ್ಟು, ಒಬ್ಬರಽ ಎಲ್ಲಾ ಹೊತ್ಕೊಂಡು ಮಾಡಾಕತ್ರ ಯಾರ ಮನೀಗಾದ್ರೂ ಬರ್ತಾನ್ರೀ. ಅದಕ್ಕಽ ನಮ್ಮ ಆಚಾರ್ರಿಗಿ ದಿನಾ ಮಧ್ಯಾಹ್ನ ಎರಡು ತಾಸು ಮಲಗಾಕ ಹೇಳ್ರಿ.”

ಆ ಮಾತು ಕೇಳಿದಾಗ, ಅತ್ಯಾ ಕೊಡದ ಕ್ಷಮೆಯೋ ಶಿಕ್ಷೆಯೋ ಯಾವುದೋ ಒಂದು ನನಗೆ ಸಿಕ್ಕಿತು. ಒಬ್ಬರಾದರೂ ಅವನನ್ನು ಕಂಡಿದ್ದರು, ಕಂಡೂ ನನ್ನೊಂದಿಗೆ ಕೂತು ಚಹಾ ಕುಡಿದರು.

ಬಂಧುಗಳೇ, ಮಂತ್ರ ಮರೆತ ಅರ್ಚಕನ ಮಾತನ್ನೂ ಸ್ವಾಮಿ ಕೇಳಿಸಿಕೊಂಡ. ಮೊದಲು ಕೇಳಿದ್ದನ್ನು ಬಿಟ್ಟು, ಎರಡನೆಯದನ್ನು ಎತ್ತಿಕೊಂಡ. ನಾನು ಕಲಶ ಹಿಡಿದು ಕೇಳಿಕೊಳ್ಳುತ್ತಿದ್ದ ಹೊತ್ತಿಗೆ ಸುಜಾತಾ ಅರಕೇರಾದಿಂದ ಹೊರಟಿದ್ದಳು ಎಂದು ನೆನೆದಾಗಲೆಲ್ಲ ಮೈ ಜುಮ್ಮೆನ್ನುತ್ತದೆ. ನನ್ನ ನಂಬಿಕೆ ಗಟ್ಟಿಯಾಗಿದೆ, ಹಾಗೆಯೇ ಸ್ವಾಮಿಯ ಭಯವೂ ಹೆಚ್ಚಿದೆ. ಗುಡಿಗೆ ಯಾರಾದರೂ ಬಂದು ಮುದುಕರು ಒಮ್ಮೆಲೇ ಏನೇನೋ ಮಾತಾಡುತ್ತಾರೆ, ದಾರ ಕಟ್ಟಿರಿ ಎಂದರೆ, ಕಟ್ಟುತ್ತೇನೆ. ಕಟ್ಟಿ, ಮೂತ್ರ ಹೇಗಿದೆ ನೋಡಿದಿರಾ ಎಂದು ಕೇಳಿ, ಅಲ್ಲಿಂದಲೇ ಆಸ್ಪತ್ರೆಗೆ ಕಳಿಸುತ್ತೇನೆ.

ಅತ್ಯಾ ಈಗ ವಾಕರ್ ಹಿಡಿದು ಅಂಗಳದವರೆಗೆ ಬರುತ್ತಾಳೆ. ಊಟವಾದ ಮೇಲೆ ನನ್ನನ್ನು ಬಲವಂತವಾಗಿ ಒಳಕೋಣೆಗೆ ಕಳಿಸುತ್ತಾಳೆ. ತಲೆಬಾಗಿಲಿಗೆ ಅಡ್ಡ ಕುರ್ಚಿ ಹಾಕಿಸಿಕೊಂಡು, ಚಸ್ಮಾ ಏರಿಸಿ, ವಾಕರನ್ನು ಮುಂದಿಟ್ಟುಕೊಂಡು ಕೂಡುತ್ತಾಳೆ. ಯಾರು ಬಂದರೂ “ಮಲಗ್ಯಾನ, ಆಮ್ಯಾಲ ಬರ್ರಿ” ಎನ್ನುತ್ತಾಳೆ. ನೀನೂ ಸ್ವಲ್ಪ ಅಡ್ಡಾಗು ಅತ್ಯಾ ಎಂದು ಮೊನ್ನೆ ಹೇಳಿದೆ.

“ನೀ ಮಲಕೋ” ಎಂದಳು, ರಸ್ತೆಯ ಮೇಲಿನ ಕಣ್ಣು ತೆಗೆಯದೆ. “ಅಂವ ಬಂದ್ರ ನಾ ನೋಡ್ಕೋತೀನಿ.”